ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುವ ಸ್ಕೋಪು, 32 ಸಾವಿರದೊಳಗೆ

ಶುಕ್ರವಾರ ರಾತ್ರಿ ಊಟ ಮುಗಿದ ಮೇಲೆ, ಕಾಳುಮೆಣಸು ತೂಗುವ ಸಣ್ಣ ತಕ್ಕಡಿಯನ್ನು ನಡುಮನೆಗೆ ತರುತ್ತೇನೆ. ನಾಳೆ ಬೆನ್ನಿಗೇರುವ ಸಾಮಾನನ್ನೆಲ್ಲ ಒಂದೊಂದಾಗಿ ಅದರ ಮೇಲಿಡುತ್ತೇನೆ. ಮಗ ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾನೆ. ನೀರು 2 ಕೆಜಿ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಬಾಳೆಹಣ್ಣು ಸೇರಿ 800 ಗ್ರಾಂ. ಮಳೆ ಕೋಟು 400. ಬೈನಾಕ್ಯುಲರ್ 650. ಟ್ರೈಪಾಡ್ 1,350. ದೂರದ ಪ್ರಾಣಿಗಳನ್ನು ಒಂದು ಕಣ್ಣಿಟ್ಟು ನೋಡುವ ಸ್ಪಾಟಿಂಗ್ ಸ್ಕೋಪು 600. ಬ್ಯಾಗಿನದೇ ತೂಕ 1,100. ಒಟ್ಟು 6,900 ಗ್ರಾಂ. ನಮ್ಮ ಲೆಕ್ಕದಲ್ಲಿ 7 ಕೆಜಿ ಗಡಿ. ಅದನ್ನು ದಾಟಿದರೆ ಏನಾದರೂ ಒಂದು ಮನೆಯಲ್ಲೇ ಉಳಿಯಬೇಕು.

ಎರಡು ವರ್ಷದ ಹಿಂದೆ ಹಾಗೆ ಮನೆಯಲ್ಲಿ ಉಳಿಯುತ್ತಿದ್ದುದು ಪ್ರತಿ ಸಲವೂ ಸ್ಕೋಪೇ. ಆಗ ನನ್ನ ಹತ್ತಿರ ಇದ್ದ ಸ್ಕೋಪು ಬೇರೆ. ಅದು ಕಪಾಟಿನಲ್ಲಿ ಕೂತಿತ್ತು, ನಾನು ಗುಡ್ಡದ ಮೇಲೆ ಕೂತು ಎದುರಿನ ಇಳಿಜಾರಿನ ಕಪ್ಪು ಚುಕ್ಕೆ ಕಾಟಿಯೋ (ಕಾಡುಕೋಣ) ಬಂಡೆಯೋ ಅಂತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಸ್ಪಾಟಿಂಗ್ ಸ್ಕೋಪ್ ಕೊಳ್ಳಬೇಕು ಅಂತ ಹಣ ಕೂಡಿಡುತ್ತಿರುವವರಿಗೆ ನನ್ನ ಅನುಭವದಿಂದ ಒಂದಿಷ್ಟು ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಹುಟ್ಟಿದ್ದು ಮೂಡಿಗೆರೆ ಕಡೆ, ಒಂದು ಸಣ್ಣ ಕಾಫಿ ತೋಟದ ಮನೆಯಲ್ಲಿ. ಅಜ್ಜ ಶಿಕಾರಿಯವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅವರು ಶಿಕಾರಿ ನಿಲ್ಲಿಸಿದರು. ಒಂಟಿ ನಳಿಗೆ ಕೋವಿ ಮಾತ್ರ ಬೆಳೆ ಕಾಯೋದಕ್ಕೆ ಅಂತ ಲೈಸೆನ್ಸ್ ಮೇಲೆ ಗೋಡೆಯಲ್ಲೇ ಇತ್ತು. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮುಗಿದ ಮೇಲೆ ವಾಪಸ್ ತರುತ್ತಿದ್ದರು. ಆದರೆ ಬೆಳಗಿನ ಜಾವ ಎದ್ದು ತೋಟದ ಮೇಲಿನ ಬಂಡೆಗೆ ಹೋಗಿ ಕೂರುವುದನ್ನು ಬಿಡಲಿಲ್ಲ. ನನಗೆ ಏಳೆಂಟು ವರ್ಷ ಇದ್ದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೈಯಲ್ಲಿ ಕೋವಿ ಇಲ್ಲ, ಬರೀ ಒಂದು ಕಂಬಳಿ. ಎದುರು ಗುಡ್ಡ ತೋರಿಸಿ ಹೇಳುತ್ತಿದ್ದರು: "ಅಂಗಳ ಗುಡಿಸ್ದಂಗೆ ನೋಡು ಮಗಾ. ಒಂದ್ ಮೂಲೆಯಿಂದ ಶುರು ಮಾಡು. ಮಧ್ಯ ಬಿಟ್ಟು ಬಿಟ್ಟು ಗುಡಿಸ್ಬೇಡ."

ನಾನು ಈಗಲೂ ನೋಡುವುದು ಹಾಗೆಯೇ. ಎಡಗಡೆ ಮೇಲಿನ ತುದಿಯಿಂದ ಬಲಕ್ಕೆ, ಸ್ವಲ್ಪ ಕೆಳಗೆ ಇಳಿದು ಮತ್ತೆ ಎಡಕ್ಕೆ. ಈ ಅಭ್ಯಾಸಕ್ಕೂ ಸ್ಕೋಪಿನ ಆಯ್ಕೆಗೂ ಸಂಬಂಧ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಸ್ಕೋಪು ಹುಡುಕುವಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅಮೆರಿಕದ ಬೇಟೆಗಾರರ ಅನುಭವ. ಅಲ್ಲಿ ಕಾನೂನು ಬೇರೆ. ಲೈಸೆನ್ಸ್ ತಗೊಂಡು, ಟೆಂಟು, ಅಕ್ಕಿ ಬೇಳೆ, ಹಾಸಿಗೆ ಎಲ್ಲ ಬೆನ್ನ ಮೇಲೆ ಹೊತ್ತು, ವಾರಗಟ್ಟಲೆ ಬೆಟ್ಟದಲ್ಲಿ ಇದ್ದು ಬೇಟೆ ಆಡುವವರಿದ್ದಾರೆ. ಅವರ ಕೆಲಸದಲ್ಲಿ ನಡೆಯುವುದು ಕಮ್ಮಿ, ಒಂದು ಕಡೆ ಕೂತು ಎದುರು ಬೆಟ್ಟ ನೋಡುವುದೇ ಜಾಸ್ತಿ. ಅಲಾಸ್ಕಾದಲ್ಲಿ ಡಾಲ್ ಶೀಪ್ ಅನ್ನುವ ಬಿಳಿ ಕಾಡುಕುರಿ ಇದೆ. ಅದರ ಟಗರನ್ನು ಹೊಡೆಯಬೇಕಾದರೆ ಕೊಂಬು ಪೂರ್ತಿ ಒಂದು ಸುತ್ತು ಸುತ್ತಿರಬೇಕು, ಇಲ್ಲ ಎರಡೂ ಕೊಂಬಿನ ತುದಿ ಮುರಿದಿರಬೇಕು, ಇಲ್ಲ ವಯಸ್ಸು ಎಂಟು ಆಗಿರಬೇಕು. ವಯಸ್ಸು ಗೊತ್ತಾಗುವುದು ಕೊಂಬಿನ ಮೇಲಿನ ವರ್ಷದ ಗೆರೆಗಳಿಂದ. ಆ ಗೆರೆಗಳನ್ನು ದೂರದಿಂದಲೇ ಎಣಿಸಬೇಕು. ತಪ್ಪಾದರೆ ಕೇಸು. ಹಾಗಾಗಿ ಅವರು ಗಾಜಿನ ಬಗ್ಗೆ ಬಹಳ ಕಟ್ಟುನಿಟ್ಟು. ಅಷ್ಟೇ ಕಟ್ಟುನಿಟ್ಟು ತೂಕದ ಬಗ್ಗೆಯೂ. ಎಲ್ಲಾ ತಾವೇ ಹೊರಬೇಕಲ್ಲ. ಕಾರಿನಿಂದ ಇಳಿದು ಕೆರೆ ಏರಿ ಮೇಲೆ ಸ್ಕೋಪು ನಿಲ್ಲಿಸುವವರ ಸಲಹೆಗಿಂತ, ಇವರ ಲೆಕ್ಕಾಚಾರವೇ ನಮ್ಮಂಥ ಗುಡ್ಡ ಹತ್ತುವವರಿಗೆ ಹೊಂದುತ್ತದೆ. ನಾವು ಹೊಡೆಯುವುದಿಲ್ಲ, ನೋಡುತ್ತೇವೆ. ಹೊರುವುದು ಮಾತ್ರ ಇಬ್ಬರಿಗೂ ಒಂದೇ.

ಮೊದಲನೇ ಸ್ಕೋಪಿನ ಕಥೆ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ 7,800 ರೂಪಾಯಿಗೆ ಸಿಕ್ಕಿತ್ತು. ಪೆಟ್ಟಿಗೆ ಮೇಲೆ 20-60x80 ಅಂತ ದೊಡ್ಡದಾಗಿ ಬರೆದಿತ್ತು. 60 ಪಟ್ಟು ಹತ್ತಿರ ಕಾಣುತ್ತದೆ ಅಂದರೆ ಇನ್ನೇನು ಬೇಕು ಅಂದುಕೊಂಡೆ. ಜೊತೆಗೆ ಮೇಜಿನ ಮೇಲಿಡುವ ಒಂದು ಪುಟ್ಟ ಟ್ರೈಪಾಡ್ ಕೊಟ್ಟಿದ್ದರು. ಅದನ್ನು ಬಂಡೆ ಮೇಲಿಟ್ಟು ಉಸಿರು ಬಿಟ್ಟರೂ ಚಿತ್ರ ಅಲುಗಾಡುತ್ತಿತ್ತು. ಆಮೇಲೆ ಮದುವೆ ವಿಡಿಯೋ ತೆಗೆಯುವ ಭಾವನ ಹತ್ತಿರ ಅವರ ಹಳೆ ಟ್ರೈಪಾಡ್ ಕೇಳಿ ತಂದೆ. ಅದು 2,400 ಗ್ರಾಂ. ಸ್ಕೋಪು 1,550. ಎರಡೂ ಸೇರಿ ಹತ್ತಿರ ಹತ್ತಿರ 4 ಕೆಜಿ. ಮುಳ್ಳಯ್ಯನಗಿರಿ ಕಡೆಯ ಏರಿನಲ್ಲಿ ಎರಡು ಸಲ ಹೊತ್ತೆ. ಮೂರನೇ ಸಲ ಅದು ಕಪಾಟಿನಲ್ಲೇ ಉಳಿಯಿತು.

ತೂಕ ಒಂದೇ ತೊಂದರೆ ಆಗಿದ್ದರೆ ಹೇಗೋ ಸಹಿಸುತ್ತಿದ್ದೆ. 20 ಪಟ್ಟಿನಲ್ಲಿ ಸುಮಾರಾಗಿ ಕಾಣುತ್ತಿದ್ದದ್ದು, 40 ದಾಟಿದ ಕೂಡಲೇ ನೀರು ಹಾಲಿನಂತೆ ತೆಳ್ಳಗೆ ಬೆಳ್ಳಗೆ ಆಗುತ್ತಿತ್ತು. 60ಕ್ಕೆ ತಿರುಗಿಸಿದರೆ ಫೋಕಸ್ಸೇ ಸಿಗುತ್ತಿರಲಿಲ್ಲ. ಈ ಕಡೆ ತಿರುಗಿಸಿದರೂ ಮಸುಕು, ಆ ಕಡೆ ತಿರುಗಿಸಿದರೂ ಮಸುಕು. ಮಧ್ಯೆ ಚೊಕ್ಕ ಆಗುವ ಒಂದು ಜಾಗ ಇರಬೇಕಲ್ಲ, ಅದು ಇರಲೇ ಇಲ್ಲ. ಮೊದಲನೇ ಮಳೆಗಾಲದಲ್ಲಿ ಒಳಗಡೆ ಮಂಜು ಕಟ್ಟಿತು. ಸೆಪ್ಟೆಂಬರ್‌ನಲ್ಲಿ ಟಾರ್ಚ್ ಬಿಟ್ಟು ನೋಡಿದರೆ, ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು. ಬೂಷ್ಟು. ಮಾರಿದವರು ವಾಪಸ್ ತಗೊಳ್ಳುವ ಅವಧಿ ಮುಗಿದಿದೆ ಅಂದರು. 7,800 ರೂಪಾಯಿ ನನಗೆ ಸಣ್ಣ ದುಡ್ಡಲ್ಲ. ಬಹಳ ದಿನ ಬೇಜಾರಿತ್ತು.

ಆಮೇಲೆ ನಾನು ಓದಲು ಕೂತೆ. ಪಾಠ ಮಾಡುವವಳಿಗೆ ಬೆಳಕಿನ ಅಧ್ಯಾಯ ಹೊಸದಲ್ಲ, ಆದರೆ ಅದನ್ನು ಸಾಮಾನು ಕೊಳ್ಳುವುದಕ್ಕೆ ಹಚ್ಚಿ ನೋಡಿರಲಿಲ್ಲ.

20-60x80 ಅಂದರೆ ಏನು? ಮೊದಲಿನದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಕೊನೆಯದು ಮುಂದಿನ ಗಾಜಿನ ಅಗಲ, ಎಂಎಂ ಲೆಕ್ಕದಲ್ಲಿ. ಕೊನೆಯದನ್ನು ಮೊದಲಿನದರಿಂದ ಭಾಗಿಸಿ. 80ನ್ನು 20ರಿಂದ ಭಾಗಿಸಿದರೆ 4. 60ರಿಂದ ಭಾಗಿಸಿದರೆ 1.3. ಇದು ಸ್ಕೋಪಿನಿಂದ ಹೊರಗೆ ಬರುವ ಬೆಳಕಿನ ಕಂಬದ ದಪ್ಪ. ಇದನ್ನು ಕಣ್ಣಾರೆ ನೋಡಬಹುದು. ಸ್ಕೋಪನ್ನು ಬೆಳಕಿನ ಕಡೆ ತಿರುಗಿಸಿಟ್ಟು, ನೀವು ಒಂದು ಮೊಳ ಹಿಂದೆ ಸರಿದು ಕಣ್ಣಿಡುವ ಗಾಜನ್ನು ನೋಡಿ. ಕಪ್ಪು ಹಿನ್ನೆಲೆಯಲ್ಲಿ ಒಂದು ಬೆಳ್ಳನೆ ಬಿಲ್ಲೆ ತೇಲುತ್ತಿರುತ್ತದೆ. ಜೂಮ್ ತಿರುಗಿಸುತ್ತಾ ಹೋಗಿ. 20ರಲ್ಲಿ ಅದು ಕೊತ್ತಂಬರಿ ಕಾಳಿನಷ್ಟು ಇರುತ್ತದೆ. 60ಕ್ಕೆ ಬರುವಷ್ಟರಲ್ಲಿ ಸಾಸಿವೆಯಷ್ಟು. ನಮ್ಮ ಕಣ್ಣಿನ ಪಾಪೆ ಹಗಲಲ್ಲಿ ಸುಮಾರು 2-3 ಎಂಎಂ ತೆರೆದಿರುತ್ತದೆ, ಮಬ್ಬು ಬೆಳಕಲ್ಲಿ ಇನ್ನೂ ಜಾಸ್ತಿ. ಒಳಗೆ ಬರುತ್ತಿರುವುದೇ ಸಾಸಿವೆಯಷ್ಟು ಬೆಳಕಾದರೆ ಚಿತ್ರ ಕಪ್ಪಿಡುತ್ತದೆ. ಪ್ರಾಣಿಗಳು ಹೊರಗೆ ಬರುವುದು ಬೆಳಗಿನ ಮಬ್ಬಿನಲ್ಲಿ, ಸಂಜೆ ಮಬ್ಬಿನಲ್ಲಿ. 60 ಪಟ್ಟು ಬೇಕು ಅನ್ನಿಸುವ ಹೊತ್ತಿಗೇ ಅದು ಕೈ ಕೊಡುತ್ತದೆ.

ಹಾಗಾದರೆ ಬಿಸಿಲು ಬಂದ ಮೇಲೆ 60 ಹಾಕಬಹುದಲ್ಲ? ಅಲ್ಲಿ ಗಾಳಿ ಅಡ್ಡ ಬರುತ್ತದೆ. ಒಂಬತ್ತೂವರೆ ಹತ್ತು ಗಂಟೆ ಆಗುತ್ತಿದ್ದ ಹಾಗೆ ಹುಲ್ಲುಗಾವಲು ಕಾಯುತ್ತದೆ, ಅದರ ಮೇಲಿನ ಗಾಳಿ ಕುದಿಯಲು ಶುರುವಾಗುತ್ತದೆ. 20 ಪಟ್ಟಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. 50-60ರಲ್ಲಿ ಇಡೀ ಗುಡ್ಡ ನೀರೊಳಗಿನ ಕಲ್ಲಿನ ಹಾಗೆ ಅಲೆಯುತ್ತದೆ. ಲಕ್ಷಗಟ್ಟಲೆ ಬೆಲೆಯ ಸ್ವರೋವ್ಸ್ಕಿ, ಕೋವಾ ಸ್ಕೋಪು ತಂದರೂ ಆ ಗಾಳಿಯನ್ನು ನಿಲ್ಲಿಸಲು ಆಗುವುದಿಲ್ಲ.

ಇನ್ನೊಂದು ವಿಷಯ, ಅಜ್ಜ ಹೇಳಿದ ಅಂಗಳ ಗುಡಿಸುವ ಮಾತಿಗೆ ಬರುತ್ತೇನೆ. ಪಟ್ಟು ಜಾಸ್ತಿ ಆದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. 60 ಪಟ್ಟಿನಲ್ಲಿ ಒಂದು ಕಿಲೋಮೀಟರ್ ಆಚೆ ಕಾಣುವುದು ಹೆಚ್ಚೆಂದರೆ 17-20 ಮೀಟರ್ ಅಗಲದ ಜಾಗ. ಅಷ್ಟು ಸಣ್ಣ ಪೊರಕೆಯಲ್ಲಿ ಒಂದು ಗುಡ್ಡ ಗುಡಿಸಬೇಕು ಅಂದರೆ ಮಧ್ಯಾಹ್ನ ಆಗುತ್ತದೆ. ಕಾಟಿ ಎಲ್ಲಿದೆ ಅಂತ ಬರೀ ಕಣ್ಣಿಗೆ ಗೊತ್ತಿದ್ದರೂ ಸ್ಕೋಪಿನಲ್ಲಿ ಸಿಗುವುದಿಲ್ಲ. ಸಿಕ್ಕುವಷ್ಟರಲ್ಲಿ ಅದು ಗುಡ್ಡದ ನೆರಿಗೆಯ ಶೋಲಾ ಕಾಡಿನೊಳಗೆ ನುಗ್ಗಿಯಾಗಿರುತ್ತದೆ.

ಹೀಗೆ ಲೆಕ್ಕ ಹಾಕುತ್ತಾ ಬಂದಾಗ ನನಗೆ ಬೇಕಾದದ್ದು ಏನು ಅನ್ನುವುದು ತಿಳಿಯಾಯಿತು. ಕೈಯಲ್ಲಿ ಇದ್ದದ್ದು 32 ಸಾವಿರ. ನಮ್ಮ ಸ್ಕೂಲಿನ ಟೀಚರುಗಳೆಲ್ಲ ಸೇರಿ ಹಾಕುವ ಚೀಟಿ ದುಡ್ಡು. ಆ ದುಡ್ಡಿಗೆ ಎರಡು ದಾರಿ ಇತ್ತು. ಒಂದು, ಸಾಧಾರಣ ಗಾಜಿನ 80 ಎಂಎಂ ಸ್ಕೋಪು. ಇನ್ನೊಂದು, ಒಳ್ಳೆ ಗಾಜಿನ 50-60 ಎಂಎಂ ಸ್ಕೋಪು. ಬೆಳಕಿನ ಲೆಕ್ಕದಲ್ಲಿ 80ರದ್ದು 56ಕ್ಕಿಂತ ಎರಡು ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ, ನಿಜ. ಆದರೆ ಸಾಧಾರಣ ಗಾಜು ಆ ಬೆಳಕನ್ನು ಒಳಗೆ ಚೆಲ್ಲಾಪಿಲ್ಲಿ ಮಾಡಿ ಹಾಳು ಮಾಡುತ್ತದೆ. ಜೊತೆಗೆ ತೂಕ. ಒಳ್ಳೆ 85 ಎಂಎಂ ಸ್ಕೋಪುಗಳು 2 ಕೆಜಿಗೆ ಹತ್ತಿರ ಬರುತ್ತವೆ. ಅದನ್ನು ಹೊರುವ ಟ್ರೈಪಾಡೂ ಅಷ್ಟೇ ಗಟ್ಟಿ ಇರಬೇಕು. ಗಟ್ಟಿ ಅಂದರೆ ಭಾರ, ಇಲ್ಲ ಅಂದರೆ ಕಾರ್ಬನ್ ಫೈಬರ್. ಕಾರ್ಬನ್ ಅಂದರೆ ಮತ್ತೆ ದುಡ್ಡು.

ನಾನು ಕೊಂಡದ್ದು 56 ಎಂಎಂ, 9ರಿಂದ 27 ಪಟ್ಟಿನ ಸ್ಕೋಪು. ಬಣ್ಣ ಚದುರದಂತೆ ತಡೆಯುವ ಇಡಿ (ED) ಗಾಜಿನದು. 23,500 ಆಯಿತು. ಟ್ರೈಪಾಡ್ ಮತ್ತು ಸ್ಕೋಪು ಕೂರಿಸುವ ಅದರ ತಲೆ ಸೇರಿ 7,000. ಮಳೆಗಾಲಕ್ಕೆ ಒಂದು ಗಾಳಿಯಾಡದ ಪೆಟ್ಟಿಗೆ, ತೇವ ತೋರಿಸುವ ಮೀಟರು, ಸಿಲಿಕಾ ಜೆಲ್ ಎಲ್ಲ ಸೇರಿ 1,200. ಒಟ್ಟು 31,700. ಕಂಪನಿ ಹೆಸರು ಬರೆಯುತ್ತಿಲ್ಲ. ಮಾಡೆಲುಗಳು ಬದಲಾಗುತ್ತಾ ಇರುತ್ತವೆ. ನೋಡುವ ಕ್ರಮ ಗೊತ್ತಿದ್ದರೆ ನಿಮ್ಮ ದುಡ್ಡಿಗೆ ಸಿಗುವುದನ್ನು ನೀವೇ ಆರಿಸಬಹುದು.

27 ಪಟ್ಟು ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹೀಗಿದೆ ನೋಡಿ. ಒಂದು ಕಿಲೋಮೀಟರ್ ದೂರದ ಕಾಟಿ, 8 ಪಟ್ಟಿನ ಬೈನಾಕ್ಯುಲರ್‌ನಲ್ಲಿ 125 ಮೀಟರ್ ದೂರದಲ್ಲಿ ನಿಂತ ಹಾಗೆ ಕಾಣುತ್ತದೆ. 27 ಪಟ್ಟಿನಲ್ಲಿ 37 ಮೀಟರ್. 37 ಮೀಟರ್ ಅಂದರೆ ನಮ್ಮ ಸ್ಕೂಲಿನ ಗೇಟಿಂದ ಸ್ಟಾಫ್ ರೂಮಿನ ಬಾಗಿಲಷ್ಟು ದೂರ. ಅಷ್ಟು ಹತ್ತಿರ ಒಂದು ಕಾಟಿ ನಿಂತರೆ ಇನ್ನೇನು ಬೇಕು? 9 ಪಟ್ಟಿನಲ್ಲಿ ಇಟ್ಟರೆ 27ಕ್ಕಿಂತ ಅಗಲವಾಗಿ ಕಾಣುತ್ತದೆ. ಅಂಗಳ ಗುಡಿಸಿ, ಏನಾದರೂ ಸಿಕ್ಕಿದ ಮೇಲೆ 27ಕ್ಕೆ ತಿರುಗಿಸುತ್ತೇನೆ. 27ರಲ್ಲೂ ಬೆಳಕಿನ ಬಿಲ್ಲೆ 2 ಎಂಎಂ ಇರುತ್ತದೆ. ಬೆಳಗ್ಗೆ ಆರೂವರೆಯ ಮಬ್ಬಿನಲ್ಲೂ ಚಿತ್ರ ಕಪ್ಪಿಡುವುದಿಲ್ಲ.

ಕೆರೆಗಳಿಗೆ ಮಾತ್ರ ಇದು ಸಾಲದು. ಸಖರಾಯಪಟ್ಟಣದ ಅಯ್ಯನಕೆರೆಯಲ್ಲಿ ಚಳಿಗಾಲದ ಬಾತುಗಳು ನೀರಿನ ನಡುವೆ ಗುಂಪು ಕಟ್ಟಿ ಕೂತರೆ, ಯಾವುದು ಸೂಜಿಬಾಲದ್ದು, ಯಾವುದು ಬೇರೆ ಅಂತ ಹೇಳಲು 40 ಪಟ್ಟಾದರೂ ಬೇಕು. ನಿಮ್ಮ ಆಸೆ ಕಡೂರು, ಅರಸೀಕೆರೆ ಕಡೆಯ ಕೆರೆಗಳ ಹಕ್ಕಿ ಆದರೆ, ಗಾಡಿ ಕೆರೆ ಏರಿವರೆಗೂ ಹೋಗುತ್ತದೆ ಅಂದರೆ, 80 ಎಂಎಂ ತಗೊಳ್ಳಿ. ಅಲ್ಲಿ ತೂಕದ ಚಿಂತೆ ಇಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ರಿವರ್ ಟರ್ನ್ ಹಕ್ಕಿಗಳು ನಡುಗಡ್ಡೆಗಳ ಮೇಲೆ ಗೂಡು ಮಾಡುತ್ತವಲ್ಲ, ಅದನ್ನು ನೋಡಲು ಯಾವ ಸ್ಕೋಪೂ ಬೇಡ. ದೋಣಿ ಅಲುಗಾಡುವಾಗ ಸ್ಕೋಪು ನಿಲ್ಲುವುದಿಲ್ಲ. ಮುತ್ತೋಡಿಯ ಸಫಾರಿ ಜೀಪಿನಲ್ಲೂ ಅಷ್ಟೇ. ಅಲ್ಲಿಗೆಲ್ಲ ಬೈನಾಕ್ಯುಲರ್ ಸಾಕು. ನಿಜ ಹೇಳಬೇಕಂದರೆ, ಒಳ್ಳೆ ಬೈನಾಕ್ಯುಲರ್ ಇಲ್ಲದವರು ಮೊದಲು ಅದನ್ನು ಕೊಳ್ಳಿ, ಸ್ಕೋಪು ಆಮೇಲೆ.

ಗಾಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ಟಿಗೆ ಮೇಲೆ ಹಲವು ಪದ ಇರುತ್ತವೆ. ಬಿಎಕೆ4 ಅಂದರೆ ಒಳಗಿನ ಪ್ರಿಸಮ್ಮಿನ ಗಾಜು. ಅದು ಇರಲಿ, ಆದರೆ ಈಗ ಅಗ್ಗದವರೂ ಅದನ್ನು ಬರೆಯುತ್ತಾರೆ. ಫುಲ್ಲಿ ಮಲ್ಟಿಕೋಟೆಡ್ ಅಂದರೆ ಬೆಳಕು ಹಾದುಹೋಗುವ ಪ್ರತಿ ಗಾಜಿನ ಪ್ರತಿ ಮೈಗೂ ಹಲವು ಪದರದ ಲೇಪ ಇದೆ ಅಂತ. ಬರೀ ಕೋಟೆಡ್ ಅಂತಿದ್ದರೆ ಹಾಗಲ್ಲ. ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದ್ದಾರಾ ನೋಡಿ. ನಮ್ಮ ಮಲೆನಾಡಿನ ಹವೆಗೆ ಇದು ಇರಲೇಬೇಕು. ಒಳಗೆ ಮಂಜು ಕಟ್ಟದಿರುವುದಕ್ಕೆ ಅದೇ ಕಾರಣ.

ಇಡಿ ಗಾಜು ಮಾಡುವ ಕೆಲಸ ಬಣ್ಣಗಳನ್ನು ಒಟ್ಟಿಗೆ ಇಡುವುದು. ಸಾಧಾರಣ ಗಾಜಿನಲ್ಲಿ ಕೆಂಪು, ನೀಲಿ ಎಲ್ಲ ಒಂದೇ ಜಾಗದಲ್ಲಿ ಕೂಡುವುದಿಲ್ಲ. ಹಾಗಾಗಿ ಕಪ್ಪು ಬಿಳುಪು ಸೇರುವ ಅಂಚಿನಲ್ಲಿ ನೇರಳೆ ಬಣ್ಣದ ಗೆರೆ ಕಾಣುತ್ತದೆ. ಪಟ್ಟು ಜಾಸ್ತಿ ಆದಷ್ಟೂ ಗೆರೆ ದಪ್ಪ ಆಗುತ್ತದೆ. ಇದನ್ನು ಪರೀಕ್ಷೆ ಮಾಡಲು ನಾನು ಕಂಡುಕೊಂಡ ಉಪಾಯ ಕಾಗೆ. ಬೆಂಗಳೂರಿನ ಅಂಗಡಿಯಲ್ಲಿ ಸ್ಕೋಪು ತೋರಿಸಿದಾಗ, ಬಾಗಿಲ ಹೊರಗೆ ನಿಂತು ನೋಡಬಹುದಾ ಅಂತ ಕೇಳಿದೆ. ಒಪ್ಪಿದರು. ಎದುರಿನ ಕರೆಂಟ್ ತಂತಿ ಮೇಲೆ ಕಾಗೆ ಕೂತಿತ್ತು, ಹಿಂದೆ ಬೆಳ್ಳನೆ ಮೋಡ. ಅವರು ಮೊದಲು ತೋರಿಸಿದ ಸ್ಕೋಪಿನಲ್ಲಿ ಕಾಗೆಯ ಬೆನ್ನಿಗೆ ಒಂದು ನೇರಳೆ ಅಂಚು, ಸೀರೆಗೆ ಬಾರ್ಡರ್ ಇದ್ದ ಹಾಗೆ. ಎರಡನೆಯದರಲ್ಲಿ ಅದು ಬಹುತೇಕ ಇಲ್ಲ. ಕೊಕ್ಕಿನ ಬುಡದಲ್ಲಿರುವ ಸಣ್ಣ ಸಣ್ಣ ಬಿರುಸು ಕೂದಲು ಎಣಿಸುವ ಹಾಗೆ ಕಂಡವು. ಕಣ್ಣಿನಲ್ಲಿ ಮೋಡದ ಹೊಳಪಿನ ಒಂದು ಚುಕ್ಕಿ. ಕಾಗೆಯ ಕುತ್ತಿಗೆಯ ಬೂದು, ಬೆನ್ನಿನ ಕಪ್ಪು ಬೇರೆ ಬೇರೆಯಾಗಿ, ಗರಿಗಳ ಮೇಲೆ ನೀಲಿ ಮಿಂಚು. ದಿನಾ ಅಡುಗೆಮನೆ ಕಿಟಕಿಗೆ ಬರುವ ಕಾಗೆಯನ್ನು ನಾನು ಅಷ್ಟು ನೋಡಿರಲಿಲ್ಲ. ಅಲ್ಲೇ ತೀರ್ಮಾನ ಮಾಡಿದೆ.

ಅಂಗಡಿಯಲ್ಲಿ ಇನ್ನೆರಡು ಪರೀಕ್ಷೆ ಮಾಡಿ. ಜೂಮನ್ನು ಕೊನೆಗೆ ತಿರುಗಿಸಿ, ದೂರದ ಒಂದು ಬೋರ್ಡಿನ ಅಕ್ಷರ ಹಿಡಿದು, ಫೋಕಸ್ಸನ್ನು ಹಿಂದೆ ಮುಂದೆ ಮಾಡಿ. ಒಂದು ಜಾಗದಲ್ಲಿ ಅಕ್ಷರ ಟಕ್ ಅಂತ ನಿಲ್ಲಬೇಕು. ಇಲ್ಲೂ ಪರವಾಗಿಲ್ಲ, ಅಲ್ಲೂ ಪರವಾಗಿಲ್ಲ ಅನ್ನಿಸಿದರೆ ಬೇಡ. ಆಮೇಲೆ ಅದೇ ಅಕ್ಷರವನ್ನು ಚಿತ್ರದ ಅಂಚಿಗೆ ತನ್ನಿ. ಸ್ವಲ್ಪ ಮಸುಕಾಗುವುದು ಸಹಜ, ಓದಲಾಗದಷ್ಟು ಆಗಬಾರದು.

ನನ್ನ ಹಾಗೆ ಕನ್ನಡಕ ಹಾಕುವವರು ಐ ರಿಲೀಫ್ ಅನ್ನುವ ಅಂಕಿ ನೋಡಲೇಬೇಕು. ಕಣ್ಣು ಗಾಜಿನಿಂದ ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆ ಅದು. 15 ಎಂಎಂಗಿಂತ ಜಾಸ್ತಿ ಇದ್ದರೆ ಕನ್ನಡಕ ತೆಗೆಯದೇ ನೋಡಬಹುದು. ಕಮ್ಮಿ ಇದ್ದರೆ ಕೊಳವೆಯೊಳಗೆ ಇಣುಕಿದ ಹಾಗೆ ಆಗುತ್ತದೆ. ಜೂಮ್ ಸ್ಕೋಪುಗಳಲ್ಲಿ ಪಟ್ಟು ಬದಲಾದ ಹಾಗೆ ಇದೂ ಬದಲಾಗಬಹುದು. ಹಾಗಾಗಿ ಎರಡೂ ತುದಿಯಲ್ಲಿ ಇಟ್ಟು ನೋಡಿ.

ನೇರ ಸ್ಕೋಪಾ, ಬಾಗಿದ ಸ್ಕೋಪಾ? ನನಗೆ ಬಾಗಿದ್ದೇ ಸರಿ. ಕಣ್ಣಿಡುವ ತುದಿ 45 ಡಿಗ್ರಿ ಮೇಲಕ್ಕೆ ಬಾಗಿರುತ್ತದೆ. ನೆಲದ ಮೇಲೆ ಕೂತು, ಟ್ರೈಪಾಡ್ ಕಾಲುಗಳನ್ನು ಎಳೆಯದೇ ಗಿಡ್ಡಕ್ಕೆ ಇಟ್ಟುಕೊಂಡು ನೋಡಬಹುದು. ಗಿಡ್ಡಕ್ಕಿದ್ದಷ್ಟೂ ಅಲುಗಾಟ ಕಮ್ಮಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ರಾಜ್ಯದಲ್ಲೇ ಎತ್ತರದ ಬೆಟ್ಟ. ಅಲ್ಲಿಯ ಗಾಳಿಗೆ ನಿಂತುಕೊಂಡು ಸ್ಕೋಪಿನಲ್ಲಿ ನೋಡುವುದು ಸಾಧ್ಯವೇ ಇಲ್ಲ. ಜೊತೆಗೆ ನನ್ನ ಎತ್ತರಕ್ಕೂ ಹನ್ನೊಂದು ವರ್ಷದ ಮಗನ ಎತ್ತರಕ್ಕೂ ಹೊಂದಿಸಿ ಹೊಂದಿಸಿ ಮಾಡುವುದು ತಪ್ಪುತ್ತದೆ. ನಾನು ಪಕ್ಕಕ್ಕೆ ಸರಿದರೆ ಅವನು ಬಗ್ಗಿ ನೋಡುತ್ತಾನೆ. ಬಾಗಿದ ಸ್ಕೋಪಿನ ಕಷ್ಟ ಎರಡು. ಕಣಿವೆಯ ಕೆಳಗೆ ನೋಡಬೇಕಾದರೆ ಕುತ್ತಿಗೆ ಎತ್ತಿ ಬಗ್ಗಬೇಕು. ಮತ್ತೆ ಶುರುವಿನಲ್ಲಿ ಗುರಿ ಹಿಡಿಯುವುದು ಅಭ್ಯಾಸ ಆಗಬೇಕು. ನೋಡುವುದು ಕೆಳಗೆ, ಪ್ರಾಣಿ ಇರುವುದು ಮುಂದೆ. ನಾನು ಸ್ಕೋಪಿನ ಮೈಮೇಲೆ ಒಂದು ಸಣ್ಣ ಕೇಬಲ್ ಟೈ ಕಟ್ಟಿದ್ದೇನೆ, ಅದರ ತುದಿ ಕೋವಿಯ ಗುರಿಮಣಿ ಥರ ಎದ್ದು ನಿಲ್ಲುವ ಹಾಗೆ. ತುದಿಯನ್ನೂ ಪ್ರಾಣಿಯನ್ನೂ ಒಂದೇ ಗೆರೆಗೆ ತಂದರೆ ಸಾಕು, ಸ್ಕೋಪಿನಲ್ಲಿ ಅದು ಸಿಗುತ್ತದೆ.

ಟ್ರೈಪಾಡಿಗೆ ದುಡ್ಡು ಉಳಿಸಬೇಡಿ. ದಯವಿಟ್ಟು. 27 ಪಟ್ಟು ದೊಡ್ಡದಾಗುವುದು ಕಾಟಿ ಮಾತ್ರ ಅಲ್ಲ, ಕೈ ನಡುಕವೂ 27 ಪಟ್ಟು ಆಗುತ್ತದೆ. ಗಾಜಿಗೆ 30 ಸಾವಿರ ಹಾಕಿ, ಕಾಲಿಗೆ 800 ರೂಪಾಯಿ ಮೊಬೈಲ್ ಸ್ಟ್ಯಾಂಡ್ ಹಾಕಿದರೆ ಆ 30 ಸಾವಿರ ಪೂರ್ತಿ ವ್ಯರ್ಥ. ನನ್ನದು ಅಲ್ಯೂಮಿನಿಯಂನದು. ನಡುವಿನ ಕಂಬವನ್ನು ಯಾವತ್ತೂ ಮೇಲಕ್ಕೆ ಎಳೆಯುವುದಿಲ್ಲ, ಎಳೆದರೆ ಅದು ಒಂಟಿ ಕಾಲಿನ ಹಾಗೆ ಆಡುತ್ತದೆ. ಅದರ ಕೆಳಗಿನ ಕೊಕ್ಕೆಗೆ ಬೆನ್ನಿನ ಬ್ಯಾಗನ್ನು ನೇತುಹಾಕುತ್ತೇನೆ, ಬ್ಯಾಗಿನ ತಳ ನೆಲಕ್ಕೆ ತಾಗುವ ಹಾಗೆ. ಪೂರ್ತಿ ತೂಗುಬಿಟ್ಟರೆ ಗಾಳಿಗೆ ಅದೇ ತೊಟ್ಟಿಲಾಗುತ್ತದೆ. ತಲೆ ವಿಡಿಯೋದವರು ಬಳಸುವಂಥದ್ದು ಇರಲಿ, ಒಂದು ಹಿಡಿ ಇರುವುದು. ಫೋಟೋದವರ ಗುಂಡು ತಲೆ ಸಡಿಲಿಸಿದರೆ ಸ್ಕೋಪು ದಬಕ್ಕನೆ ಒಂದು ಕಡೆ ಬೀಳುತ್ತದೆ. ಅದರಲ್ಲಿ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಯಲು ಆಗುವುದಿಲ್ಲ.

ಹೊರದೇಶದಿಂದ ತರಿಸಿದರೆ ಅಗ್ಗ ಅಂತ ಕೆಲವರು ಹೇಳುತ್ತಾರೆ. ಸುಂಕ, ಜಿಎಸ್‌ಟಿ ಸೇರಿಸಿ ನೋಡಿ, ಆಮೇಲೆ ಕೆಟ್ಟರೆ ಎಲ್ಲಿಗೆ ಕಳಿಸಬೇಕು ಅನ್ನುವುದನ್ನೂ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ಪರವಾಗಿಲ್ಲ, ನಾನೂ ಹುಡುಕಿದ್ದೆ. ಕೈಯಲ್ಲಿ ಟಾರ್ಚ್ ಇಟ್ಟುಕೊಂಡು ಹೋಗಿ. ಮುಂದಿನಿಂದ ಬೆಳಕು ಬಿಟ್ಟು ಹಿಂದಿನಿಂದ, ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ಧೂಳಿನ ಒಂದೆರಡು ಕಣ ಇದ್ದರೆ ಏನೂ ಆಗುವುದಿಲ್ಲ. ಎಳೆ ಎಳೆಯಾಗಿ ಹಬ್ಬಿದ್ದರೆ ಅದು ಬೂಷ್ಟು. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.

ಹೊಸ ಸ್ಕೋಪು ಹೊತ್ತು ಮೊದಲ ಸಲ ಹೋದದ್ದು ಕೆಮ್ಮಣ್ಣುಗುಂಡಿಗೆ, ನವೆಂಬರ್‌ನಲ್ಲಿ. ಝಡ್ ಪಾಯಿಂಟ್ ದಾರಿಯಲ್ಲಿ ಒಂದು ಕಡೆ ಎದುರಿನ ಹುಲ್ಲಿನ ಇಳಿಜಾರು ಪೂರ್ತಿ ಕಾಣುತ್ತದೆ, ನೆರಿಗೆ ನೆರಿಗೆಯಲ್ಲಿ ಶೋಲಾ ಕಾಡು. ಮಂಜು ಇತ್ತು. ಕಾದೆವು. ರೊಟ್ಟಿ ತಿಂದೆವು. ಏಳು ಗಂಟೆ ಹೊತ್ತಿಗೆ ಮಂಜು ಮೇಲೆದ್ದಿತು. ನಾನು 9 ಪಟ್ಟಿನಲ್ಲಿ ಎಡಗಡೆಯಿಂದ ಗುಡಿಸುತ್ತಾ ಬಂದೆ. ಎರಡನೇ ಸಾಲಿನಲ್ಲಿ, ಕಾಡು ಮುಗಿದು ಹುಲ್ಲು ಶುರುವಾಗುವ ಅಂಚಿನಲ್ಲಿ, ನಾಲ್ಕು ಬಿಳಿ ಗೆರೆ. ಮೊದಲು ಕಂಡದ್ದು ಕಾಲುಗಳು. ಕಾಟಿಗೆ ಮಂಡಿಯಿಂದ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಇರುತ್ತದಲ್ಲ, ಮೈಯೆಲ್ಲ ಕಾಡಿನ ಕತ್ತಲಲ್ಲಿ ಸೇರಿಹೋಗಿತ್ತು. 27ಕ್ಕೆ ತಿರುಗಿಸಿದೆ. ಒಂದು ಹೆಣ್ಣು. ಮೂಗಿನಿಂದ ಉಗಿ ಬರುತ್ತಿತ್ತು. ಎದೆಯ ಕೆಳಗಿನ ಜೋಲು ಒದ್ದೆಯಾಗಿ, ಅದರ ತುದಿಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಕಿವಿ ಒಂದು ಕಡೆ ಹರಿದಿತ್ತು. ಅದರ ಹಿಂದೆ ಹುಲ್ಲು ಅಲ್ಲಾಡಿತು, ಇಟ್ಟಿಗೆ ಬಣ್ಣದ ಕರು ಎದ್ದು ನಿಂತಿತು. ಮಗನನ್ನು ಕರೆದೆ. ಅವನು ಬಗ್ಗಿದವನು ಹತ್ತು ನಿಮಿಷ ಏಳಲಿಲ್ಲ. "ಅಮ್ಮಾ, ಅದು ಹಾಲು ಕುಡೀತಿದೆ, ಬಾಲ ಅಲ್ಲಾಡಿಸ್ತಿದೆ" ಅಂತ ಪಿಸುಗುಟ್ಟಿದ. ಅವುಗಳಿಗೆ ನಾವು ಇದ್ದದ್ದೇ ಗೊತ್ತಾಗಲಿಲ್ಲ. ಅವು ಹೆದರಲಿಲ್ಲ, ಓಡಲಿಲ್ಲ, ಮೇಯುವುದನ್ನು ನಿಲ್ಲಿಸಲಿಲ್ಲ. ಸ್ಕೋಪಿನಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ವಾಪಸ್ ಬರುವಾಗ ಒಬ್ಬ ಗಾರ್ಡ್ ಬ್ಯಾಗಿನ ಪಕ್ಕದಲ್ಲಿ ಸಿಕ್ಕಿಸಿದ್ದ ಸ್ಕೋಪು ನೋಡಿ, "ಏನ್ ಮೇಡಂ ಇದು, ಗನ್ನಿಂದಾ?" ಅಂತ ಕೇಳಿದರು. ಅವರು ಕೇಳುವುದು ಸರಿಯೇ. ಇಳಿಸಿ, ನಿಲ್ಲಿಸಿ, ತೋರಿಸಿದೆ. ಎದುರು ಮರದ ಮೇಲೆ ಕೆಂಜಳಿಲು ಇತ್ತು. ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ದಿನಾ ನೋಡ್ತೀನಿ ಇದನ್ನ. ಹಲ್ಲು ಇಷ್ಟು ಉದ್ದ ಇರುತ್ತೆ ಅಂತ ಗೊತ್ತಿರ್ಲಿಲ್ಲ" ಅಂದರು.

ಮಕ್ಕಳ ಜೊತೆ ಹೋಗುವವರಿಗೆ ಒಂದು ಮಾತು. ಸ್ಕೋಪನ್ನು ಸೂರ್ಯನ ಕಡೆ ಯಾವ ಕಾರಣಕ್ಕೂ ತಿರುಗಿಸಲು ಬಿಡಬೇಡಿ. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ನಮ್ಮಲ್ಲಿ ನಿಯಮ ಹೀಗೆ: ನಾನು ನಿಲ್ಲಿಸಿಕೊಡುವವರೆಗೂ ಮಗ ಮುಟ್ಟುವ ಹಾಗಿಲ್ಲ, ಮುಚ್ಚಳ ತೆಗೆಯುವುದು ಗುರಿ ಇಟ್ಟ ಮೇಲೆ.

ಇನ್ನು ಮಳೆಗಾಲ. ನಮ್ಮೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಗಾಜನ್ನೂ ಅದು ಬಿಡುವುದಿಲ್ಲ. ಲೇಪವನ್ನು ತಿಂದು ಗುರುತು ಉಳಿಸುತ್ತದೆ, ಒರೆಸಿದರೂ ಹೋಗುವುದಿಲ್ಲ. ಅದೂ ಬಟ್ಟೆ ಚೀಲದೊಳಗೆ ಸುತ್ತಿ ಕಪಾಟಿನಲ್ಲಿಟ್ಟರೆ ಇನ್ನೂ ಬೇಗ. ಅಜ್ಜಿ ಉಪ್ಪು, ಹುಣಸೆಹಣ್ಣನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಸ್ಕೋಪನ್ನು ಹಾಗೆ ಇಡಬೇಡಿ, ಹೊಗೆಯೂ ಶಾಖವೂ ಅದಕ್ಕೆ ಆಗದು. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲಿ ತೇವದ ಮೀಟರು. ಮೀಟರು ಶೇ. 40ರಿಂದ 50ರ ಒಳಗೆ ಇರಬೇಕು. 55 ಆಯಿತು ಅಂದರೆ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ, ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬಳಸುವುದಲ್ಲ, ಬೇರೆಯೇ ಇಟ್ಟಿದ್ದೇನೆ. ಮಳೆಯಲ್ಲಿ ನೆನೆದು ಬಂದ ದಿನ ಸ್ಕೋಪನ್ನು ನೇರ ಪೆಟ್ಟಿಗೆಗೆ ಹಾಕಬೇಡಿ. ಮುಚ್ಚಳ ತೆಗೆದು ಒಂದು ರಾತ್ರಿ ಫ್ಯಾನಿನ ಕೆಳಗಿಟ್ಟು ಆಮೇಲೆ ಹಾಕಿ. ಎರಡು ಮಳೆಗಾಲ ಹೀಗೆ ಕಳೆದಿದ್ದೇನೆ. ಮೊನ್ನೆ ಟಾರ್ಚ್ ಬಿಟ್ಟು ನೋಡಿದೆ, ಒಳಗೆ ಶುಭ್ರವಾಗಿದೆ.

ಚಿಕ್ಕಮಗಳೂರಿನ ಕಡೆಯವರಾದರೆ, ದುಡ್ಡು ಕೊಡುವ ಮುಂಚೆ ನನ್ನದರಲ್ಲಿ ಒಮ್ಮೆ ನೋಡಿ. ಮಳೆ ನಿಂತ ಮೇಲೆ ಶನಿವಾರಗಳಲ್ಲಿ ಹಿರೇಕೊಳಲೆ ಕೆರೆ ಹತ್ತಿರ ಬೆಳಗ್ಗೆ ಆರೂವರೆಗೆ ಬರಬಹುದು, ಇಲ್ಲೇ ಒಂದು ಸಾಲು ಬರೆದು ತಿಳಿಸಿ. ನಿಮ್ಮ ಕನ್ನಡಕ ಮರೆಯದೆ ತನ್ನಿ. ಬೇರೆ ಸ್ಕೋಪು ಇರುವವರು ಅದನ್ನೂ ತಂದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.